ಕೊಟ್ಟಿಗೆಯ ಸೂರಿನ ಮೇಲೆ ಇಬ್ಬರು ಸೊಸೆಯರು

ಆಟ್‌ಬಾಶಿ ಕಣಿವೆ, ನಮ್ಮ ಚಳಿಗಾಲದ ಬೀಡು
ಫೆಬ್ರವರಿ ಹತ್ತೊಂಬತ್ತು

ನನ್ನ ಬೈಬಿಚೆ, ಮನೆಯೊಡತಿ ಬುರುಲ್‌ಚಾಳಿಗೆ,

ಮೊದಲು ತಪ್ಪೊಪ್ಪಿಗೆ, ಆಮೇಲೆ ಕುಶಲ. ಮೊನ್ನೆ ಹಾಡಹಗಲು, ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ, ಹುಲ್ಲು ಕೆದರುವ ಉದ್ದ ಕೋಲಿನಿಂದ ನಾನು ಇಬ್ಬರು ನವವಧುಗಳ ತಲೆಯ ಮೇಲಿನ ಬಿಳಿ ವಸ್ತ್ರ ಎಗರಿಸಿದೆ. ಇಬ್ಬರೂ ನಮ್ಮ ಮನೆಗೇ ಬಂದ ಸೊಸೆಯರು. ಅವರು ಕೂಗಲಿಲ್ಲ, ಅಳಲಿಲ್ಲ. ಮುಖ ಇನ್ನಷ್ಟು ಬೆಳಗಿತು ಅಷ್ಟೆ. ಊರ ಶಾಲೆಯಲ್ಲಿ ಅಪ್ಪಂದಿರಿಗೂ ಅವರ ಮಕ್ಕಳಿಗೂ ಇತಿಹಾಸ ಹೇಳಿಕೊಟ್ಟು ಮರ್ಯಾದೆಯಿಂದ ನಿವೃತ್ತನಾದ ಮನುಷ್ಯ ಹೀಗೆ ತಾನೇ ಇತಿಹಾಸಕ್ಕೆ ಸೇರಿಹೋದ. ನನ್ನ ಹೆತ್ತವಳೂ ನಿನ್ನ ಅತ್ತೆಯೂ ಆದ ಅಪಾ ಆಗಲೇ ಚಾರ್ಜ್‌ಶೀಟ್ ಓದಿ ಆಗಿದೆ. ತೀರ್ಪು ನಿನ್ನದು. ಆದರೆ ಪೂರ್ತಿ ಕೇಳಿ ಹೇಳು.

ಈಗ ಕುಶಲ. ನಿನ್ನ ಎರಡು ಪತ್ರಗಳೂ ಬಂದು ಸೇರಿವೆ. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಮೊದಲನೆಯದು ಬಂದಾಗ ನನ್ನ ಸುಟ್ಟ ಬೆರಳುಗಳಿಗೆಲ್ಲ ಬಟ್ಟೆ ಸುತ್ತಿತ್ತು. ಎರಡನೆಯದು ಬಂದಾಗ ಬೆಳಕಿಗೆ ತರುವಂಥ ಸುದ್ದಿ ನನ್ನ ಬಳಿ ಇರಲಿಲ್ಲ. ಈಗ ಇದೆ. ಬಿಷ್ಕೆಕ್‌ಗೆ ಹೊರಡುವ ಬಾಡಿಗೆ ಕಾರಿನವನ ಕೈಗೆ ಇದನ್ನು ಕೊಡುತ್ತೇನೆ, ಜೊತೆಗೆ ಒಂದು ಚೀಲ ಕುರುತ್ ಇದೆ. ಮೊಸರಿನ ಆ ಒಣ ಉಂಡೆಗಳನ್ನು ಅವನು ದಾರಿಯಲ್ಲಿ ಮುಕ್ಕದಿದ್ದರೆ ನಿನಗೆ ಸಿಗುತ್ತವೆ. ಮೊಮ್ಮಗ ತಿಲೆಕ್ ಈಗ ಮುಖ ನೋಡಿ ನಗುತ್ತಾನೆ ಎಂದು ಬರೆದಿದ್ದೀಯ. ನನ್ನ ಫೋಟೊ ತೋರಿಸಿದಾಗ ಏನು ಮಾಡಿದ ಎಂದು ಮಾತ್ರ ಬರೆದಿಲ್ಲ. ಅತ್ತಿರಬೇಕು.

ಮಗುವಿನ ನಲವತ್ತನೇ ದಿನದ ಸ್ನಾನ ಮುಗಿಸಿಕೊಂಡು ಬರುತ್ತೇನೆಂದು ಹೋದವಳು ನೀನು. ಸ್ನಾನ ಮುಗಿದು, ಮಗುವಿನ ಮೊದಲ ಕೂದಲೂ ತೆಗೆಸಿ, ಈಗ ಮಗಳು ಜಿಪಾರ್ ನಿನಗೊಂದು ಕೋಣೆ ಖಾಲಿ ಮಾಡಿದ್ದಾಳೆ ಎಂದು ಬರೆದಿದ್ದೀಯ. ತಿರುಗಿಸಿದರೆ ಬಿಸಿನೀರು ಬರುತ್ತದೆ, ಗೋಡೆಯೇ ಬೆಚ್ಚಗಿರುತ್ತದೆ, ಬೆರಣಿ ಹೊರುವ ಕೆಲಸವಿಲ್ಲ. ನಮ್ಮ ಮಗಳು "ಅಪ್ಪನೂ ಕುರಿ ಮಾರಿ ಬಂದುಬಿಡಲಿ, ಅಜ್ಜಿಯನ್ನೂ ಕರೆದುಕೊಂಡು" ಅನ್ನುತ್ತಾಳೆ. ಅಳಿಯ ಎಮಿಲ್ "ನಿಮ್ಮ ಸೊಂಟಕ್ಕೂ ಒಳ್ಳೇದು ಅತ್ತೆ" ಅನ್ನುತ್ತಾನೆ. ಇದೆಲ್ಲ ಆದಮೇಲೆ ಕೊನೆಯಲ್ಲಿ ಒಂದೇ ಒಂದು ಸಾಲು: "ಯೋಚನೆ ಮಾಡ್ತಾ ಇದೀನಿ." ಕುರಿಗಳು ಈಯುವ ಕಾಲಕ್ಕೆ ಬರುತ್ತೀಯೋ ಇಲ್ಲವೋ ಎಂದು ನಾನು ಆ ಸಾಲನ್ನು ಹಿಂದೆಮುಂದೆ ಓದಿ ನೋಡಿದೆ. ನಿನ್ನ ಅಕ್ಷರ ಚೆನ್ನಾಗಿದೆ, ಅಷ್ಟೇ ತಿಳಿಯಿತು.

ಯೋಚನೆ ಮಾಡು, ಅವಸರವೇನೂ ಇಲ್ಲ. ಇಲ್ಲಿ ಎಲ್ಲ ಅಚ್ಚುಕಟ್ಟು. ನಾನು ಹೊತ್ತುಹೊತ್ತಿಗೆ ಉಣ್ಣುತ್ತೇನೆ, ಕಂಬಳಿ ಹೊದ್ದರೆ ಬೆಳಗಿನವರೆಗೆ ಒಂದೇ ನಿದ್ದೆ. ಹಿಟ್ಟಿನ ಬೋರ್ಸೋಕ್ ಉಂಡೆ ಕರಿಯುವುದನ್ನೂ ಕಲಿತೆ. ಅಪಾ ಒಂದನ್ನು ಚಹಾದಲ್ಲಿ ಬಹಳ ಹೊತ್ತು ಅದ್ದಿಟ್ಟುಕೊಂಡು, "ಇದನ್ನ ಎಸೆದ್ರೆ ತೋಳಾನೂ ಹೆದರಿ ಓಡುತ್ತೆ ಮಗಾ, ಜೇಬಲ್ಲಿ ಇಟ್ಟುಕೊಂಡಿರು" ಎಂದಳು. ಕೊಟ್ಟಿಗೆಗೆ ಸೋಲಾರ್ ದೀಪ ಹಾಕಿದ್ದು ಕುರಿಗಳ ಅನುಕೂಲಕ್ಕೆ. ಅದಕ್ಕೂ ನಿನ್ನ ಯೋಚನೆಗೂ ಸಂಬಂಧವಿಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ.

ಕಥೆ ಶುರುವಾದದ್ದು ಜನವರಿಯಲ್ಲಿ. ಪೇಟೆಯಿಂದ ಎರಡು ಪ್ಯಾನೆಲ್ಲು, ಒಂದು ಬ್ಯಾಟರಿ, ಒಂದು ಚಾರ್ಜ್ ಕಂಟ್ರೋಲರ್ ತಂದೆ. ಕಂಟ್ರೋಲರ್ ಎಂದರೆ ಗೋಡೆಗೆ ಹೊಡೆಯುವ ಅಂಗೈಯಗಲದ ಪೆಟ್ಟಿಗೆ. ಬಿಸಿಲಿನಿಂದ ಬಂದದ್ದನ್ನು ಹದ ಮಾಡಿ ಬ್ಯಾಟರಿಗೆ ಎಷ್ಟು ಬೇಕೋ ಅಷ್ಟು ಉಣ್ಣಿಸುತ್ತದೆ, ಸಾಕಾದಾಗ ನಿಲ್ಲಿಸುತ್ತದೆ, ಬ್ಯಾಟರಿ ಬಡಕಲಾದರೆ ದೀಪ ಆರಿಸಿ ಬೈಯುತ್ತದೆ. ಮನೆಯ ನಿಜವಾದ ಕಂಟ್ರೋಲರ್ ಬಿಷ್ಕೆಕ್‌ನಲ್ಲಿ ಯೋಚನೆ ಮಾಡುತ್ತಿರುವಾಗ ಇಂಥದ್ದೊಂದು ಬೇಕಲ್ಲ.

ಪ್ಯಾನೆಲ್ಲುಗಳನ್ನು ಎರಡು ಬಗೆಯಲ್ಲಿ ಕಟ್ಟಬಹುದು. ಒಂಟೆಗಳ ಸಾಲಿನಂತೆ ಒಂದರ ಬಾಲಕ್ಕೆ ಇನ್ನೊಂದರ ಮೂಗುದಾರ ಕಟ್ಟಿದರೆ ವೋಲ್ಟು ಕೂಡುತ್ತದೆ. ನೊಗಕ್ಕೆ ಎತ್ತು ಹೂಡಿದಂತೆ ಪಕ್ಕಪಕ್ಕ ಕಟ್ಟಿದರೆ ಆಂಪಿಯರು ಕೂಡುತ್ತದೆ. ನನ್ನ ಬಳಿ ಇದ್ದ ತಂತಿ ತೆಳು, ಸೂರಿನಿಂದ ಬ್ಯಾಟರಿಗೆ ದೂರ ಜಾಸ್ತಿ. ತೆಳು ತಂತಿಯಲ್ಲಿ ಆಂಪಿಯರು ಹೆಚ್ಚಾದರೆ ಅರ್ಧ ದಾರಿಯಲ್ಲೇ ಸೋರಿಹೋಗುತ್ತದೆ. ಹಾಗಾಗಿ ಒಂಟೆ ಸಾಲೇ ಸರಿ ಎಂದುಕೊಂಡೆ. ಪ್ಯಾನೆಲ್ಲಿನ ಬೆನ್ನ ಮೇಲೆ ಇಪ್ಪತ್ತೆರಡು ವೋಲ್ಟು ಎಂದು ಬರೆದಿತ್ತು. ಎರಡು ಸೇರಿ ನಲವತ್ತನಾಲ್ಕು. ಕಂಟ್ರೋಲರ್ ಐವತ್ತರವರೆಗೆ ತಾಳುತ್ತದೆ. ನಲವತ್ತನಾಲ್ಕು ಐವತ್ತಕ್ಕಿಂತ ಚಿಕ್ಕದು ಎಂಬಷ್ಟು ಗಣಿತ ಇತಿಹಾಸದ ಮೇಷ್ಟ್ರಿಗೂ ಬರುತ್ತದೆ.

ಆ ಬೆಳಗ್ಗೆ ಆಕಾಶ ತೊಳೆದಿಟ್ಟ ಬೋಗುಣಿಯ ಹಾಗಿತ್ತು. ಚಳಿ ಮೈನಸ್ ಇಪ್ಪತ್ತೆಂಟು ಡಿಗ್ರಿ. ನನ್ನ ಕಾಲೇಜಿನ ಡಿಗ್ರಿ ಸೇರಿಸಿಕೊಂಡರೂ ಇಪ್ಪತ್ತೇಳು, ಏನೂ ಬೆಚ್ಚಗಾಗಲಿಲ್ಲ. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸಿಕ್ಕಿಸಿದೆ. ಪೆಟ್ಟಿಗೆಯ ಹಸಿರು ಕಣ್ಣು ಒಮ್ಮೆ ನನ್ನನ್ನು ನೋಡಿತು. ಆಮೇಲೆ ಅದರೊಳಗೆ ಯಾರೋ ಹುರಿಗಡಲೆ ಕಡಿದಂತೆ ಸದ್ದಾಯಿತು. ಹೊಗೆ ಬಂತು. ಹೊಗೆಯ ಹಿಂದೆಯೇ ನೆರೆಯ ಬೀಡಿನ ಹಿರಿಯ ಕಾಸೀಮ್ ಬೈಕೆ ಬಂದ. ಅವನ ಮೂಗು ನಿನಗೆ ಗೊತ್ತಲ್ಲ, ಕಣಿವೆಯ ಆ ತುದಿಯಲ್ಲಿ ಕುರಿತಲೆ ಸುಟ್ಟರೂ ಈ ತುದಿಯಲ್ಲಿ ಚೂರಿ ಮಸೆಯುತ್ತಾನೆ.

"ಏನೋ ಮುಕಾಯ್, ನೆಂಟರು ಬಂದಿದಾರಾ? ತಲೆ ಸುಡೋ ವಾಸನೆ ಬಂತು. ಒಂದು ಕಣ್ಣು ನಂಗೆ ಎತ್ತಿಡು" ಅಂದ.

"ಕುರೀದಲ್ಲ ಬೈಕೆ, ನಂದೇ ತಲೆ" ಅಂದೆ.

ಅವನು ಸುಟ್ಟ ಪೆಟ್ಟಿಗೆಯನ್ನು ಮೂಸಿ ನೋಡಿ, "ಉಪ್ಪು ಕಮ್ಮಿ" ಅಂತ ಹೇಳಿ ಚಹಾ ಕುಡಿದು ಹೋದ.

ಎಲ್ಲಿ ತಪ್ಪಿದೆ ಎಂದು ನೋಡಲು ಅದರ ಜೊತೆ ಬಂದ ಕಾಗದ ಹುಡುಕಿದೆ. ಅರ್ಧ ಕಾಗದ ಸಿಕ್ಕಿತು. ಉಳಿದರ್ಧದಿಂದ ನಾನೇ ಹಿಂದಿನ ದಿನ ಒಲೆ ಹೊತ್ತಿಸಿದ್ದೆ. ಉಳಿದದ್ದರಲ್ಲಿ ಹೀಗಿತ್ತು: ಚಳಿ ಏರಿದಂತೆ ಪ್ಯಾನೆಲ್ಲಿನ ವೋಲ್ಟೂ ಏರುತ್ತದೆ, ಚಳಿನಾಡಿನವರು ಲೆಕ್ಕಕ್ಕೆ ಐದನೇ ಒಂದು ಪಾಲು ಸೇರಿಸಿಕೊಂಡೇ ಕಂಟ್ರೋಲರ್ ಆರಿಸಬೇಕು, ಮತ್ತು ಮೊದಲು ಬ್ಯಾಟರಿಯ ತಂತಿ, ಆಮೇಲೆ ಪ್ಯಾನೆಲ್ಲಿನ ತಂತಿ. ನಾನು ಎರಡನ್ನೂ ತಲೆಕೆಳಗು ಮಾಡಿದ್ದೆ. ಚಳಿಗೆ ಎಲ್ಲವೂ ನನ್ನ ಹಾಗೆ ಮುದುಡಿಕೊಳ್ಳುತ್ತವೆ ಎಂದುಕೊಂಡಿದ್ದೆ ಬುರುಲ್‌ಚಾ. ಚಳಿ ಏರಿದಷ್ಟೂ ದನಿ ಏರಿಸುವ ಒಂದು ಜೀವ ಮೂವತ್ತು ವರ್ಷದಿಂದ ನನ್ನ ಮನೆಯಲ್ಲೇ ಇತ್ತು. ಆದರೂ ನನಗೆ ಹೊಳೆಯಲಿಲ್ಲ.

ಮತ್ತೆ ಪೇಟೆಗೆ ಹೋದೆ. ಈ ಸಲ ನೂರು ವೋಲ್ಟು ತಾಳುವ ಕಂಟ್ರೋಲರ್ ತಂದೆ, ಹೆಚ್ಚು ವೋಲ್ಟನ್ನು ತಾನೇ ಇಳಿಸಿ ಆಂಪಿಯರಾಗಿ ಬ್ಯಾಟರಿಗೆ ಕೊಡುವ ಜಾಣ ಜಾತಿಯದು. ನಲವತ್ತನಾಲ್ಕಕ್ಕೆ ಚಳಿಯ ಪಾಲು ಸೇರಿಸಿದರೂ ಅರವತ್ತು ದಾಟುವುದಿಲ್ಲ; ಅದರ ಹೊಟ್ಟೆಯಲ್ಲಿ ಜಾಗ ಬೇಕಾದಷ್ಟಿದೆ. ನಡುವೆ ಫ್ಯೂಸು ಹಾಕಿದೆ. ಮೊದಲು ಬ್ಯಾಟರಿ ಕಟ್ಟಿದೆ, ದೇವರ ಹೆಸರು ಹೇಳಿದೆ, ಆಮೇಲೆ ಪ್ಯಾನೆಲ್ಲು. ಹಸಿರು ಕಣ್ಣು ತೆರೆದು ಹಾಗೇ ನಿಂತಿತು. ಸಂಜೆ ಸ್ವಿಚ್ಚು ಒತ್ತಿದರೆ ಕೊಟ್ಟಿಗೆಯೊಳಗೆ ಬೆಳ್ಳಂಬೆಳಗು. ಕುರಿಗಳೆಲ್ಲ ಒಮ್ಮೆಲೇ ಮೆಲುಕು ನಿಲ್ಲಿಸಿ, ತರಗತಿಗೆ ಇನ್‌ಸ್ಪೆಕ್ಟರು ಬಂದಂತೆ ನನ್ನನ್ನೇ ನೋಡಿದವು.

ಅಪಾ ಊರುಗೋಲು ಹಿಡಿದು ಹೊರಗೆ ಬಂದು ಸೂರಿನ ಕಡೆ ಬಹಳ ಹೊತ್ತು ನೋಡಿದಳು. ಪ್ಯಾನೆಲ್ಲುಗಳನ್ನು ದಕ್ಷಿಣದ ಬಿಸಿಲಿಗೆ ಬಾಗಿಸಿ ನಿಲ್ಲಿಸಿದ್ದೆನಲ್ಲ, ಅವಳ ಕಣ್ಣಿಗೆ ಅವು ಬೇರೆಯೇ ಆಗಿ ಕಂಡವು.

"ಇಬ್ರೂ ಎಷ್ಟು ಚೆನ್ನಾಗಿ ಬಗ್ಗಿ ಸಲಾಮು ಮಾಡ್ತಿದಾರೆ ನೋಡೋ" ಅಂದಳು. "ಹೊಸ ಸೊಸೇರನ್ನ ಬರೀ ತಲೇಲಿ ನಿಲ್ಲಿಸಿದೀಯಲ್ಲ, ನಿನಗೆ ಓದು ಬರುತ್ತೆ, ಮರ್ಯಾದೆ ಬರಲ್ಲ. ಕಣಿವೆ ಜನದ ಕಣ್ಣೆಲ್ಲ ಅವರ ಮೇಲೇ ಬೀಳುತ್ತೆ."

"ಅಪಾ, ಅವು ಗಾಜಿನ ಹಲಗೆ."

"ನೀನು ಹುಟ್ಟಿದಾಗ ಮಾಂಸದ ಮುದ್ದೆ. ನಾವು ಹೆಸರಿಟ್ಟು ಕರೀಲಿಲ್ವಾ? ಏಣಿ ಹತ್ತು."

ತನ್ನ ಬಟ್ಟೆಯ ಪೆಟ್ಟಿಗೆಯ ತಳದಿಂದ ಎರಡು ಬಿಳಿ ತಲೆವಸ್ತ್ರ ತೆಗೆದಳು. ನೀನು ಮದುವೆಯಾಗಿ ಬಂದ ದಿನ ನಿನ್ನ ತಲೆಗೆ ಕಟ್ಟಿದಳಲ್ಲ, ಅದೇ ತಾನಿನವು. ಕೆಳಗೆ ನಿಂತು ಏಣಿ ಹಿಡಿದು, "ಮುಂದಲೆಗೆ ಕಟ್ಟು, ಹಣೆ ಮುಚ್ಚಲಿ, ಸೆರಗು ಕೆಳಗೆ ಇಳೀಲಿ, ಇನ್ನೊಬ್ಬಳಿಗೂ ಸಮ ಬಿಡು, ನಾಳೆ ಜಗಳ ಆಡ್ತಾರೆ" ಎಂದು ಹೇಳಿ ಕಟ್ಟಿಸಿದಳು. ಮರುದಿನ ಕೊರುಮ್‌ದುಕ್ ಹಿಡಿದು ಜನ ಬಂದರು. ಹೊಸ ಮುಖ ನೋಡಿದರೆ ಕಾಣಿಕೆ ಕೊಡದೆ ಯಾರು ಹೋಗುತ್ತಾರೆ? ಒಬ್ಬರು ಸಕ್ಕರೆ ಗಡ್ಡೆ, ಇನ್ನೊಬ್ಬರು ಸಾಬೂನು. ಕಾಸೀಮ್ ಬೈಕೆ ಒಂದು ಡಬ್ಬಿ ಉಪ್ಪು ತಂದಿದ್ದ. "ಮುಂದಿನ ಸಲ ಸುಡುವಾಗ ಹಾಕ್ಕೋ" ಅಂದ.

ಆಮೇಲೆ ದೀಪಕ್ಕೆ ಕ್ಷಯರೋಗ ಬಂತು. ಮೊದಲ ದಿನ ಹೊಳೆದದ್ದು ಮರುದಿನ ಮಂಕು, ಅದರ ಮರುದಿನ ಊಟದ ಹೊತ್ತಿಗೇ ಕಂಟ್ರೋಲರ್ ಬೈದು ಆರಿಸಿಬಿಟ್ಟಿತು. ನಾನು ಪ್ರತಿಯೊಂದು ತಿರುಪು ಬಿಚ್ಚಿ ಬಿಗಿದೆ. ತಂತಿಯ ತುದಿ ಕೆರೆದು ಹೊಳಪು ಮಾಡಿದೆ. ಬ್ಯಾಟರಿಗೆ ಕುರಿತುಪ್ಪಳದ ಹೊದಿಕೆ ಹೊಲಿದೆ. ಪೇಟೆಯನ್ನು ಬೈದೆ. ಬೆಳಗ್ಗೆ ಹಿಮ ಬಿದ್ದಿರುತ್ತಿತ್ತಲ್ಲ, ಏಣಿ ಹತ್ತಿ ಪೊರಕೆಯಿಂದ ಗುಡಿಸುತ್ತಿದ್ದೆ. ಹೇಗೆ ಗುಡಿಸುತ್ತಿದ್ದೆ ಎಂದು ಕೇಳು, ಇಲ್ಲೇ ನನ್ನ ಜಾಣತನದ ಕಲಶ ಇರುವುದು: ಸೊಸೆಯರ ತಲೆವಸ್ತ್ರ ಕದಲದ ಹಾಗೆ, ಅಂಚನ್ನು ಎರಡು ಬೆರಳಲ್ಲಿ ಎತ್ತಿ, ಕೆಳಗಿನ ಹಿಮ ಒರೆಸಿ, ಮತ್ತೆ ಮಡಿಕೆ ಸರಿಮಾಡಿ ಇಳಿಯುತ್ತಿದ್ದೆ. ಹಿಮ ಬಿಸಿಲನ್ನು ತಡೆಯುತ್ತದೆ ಎಂದು ಗೊತ್ತಿತ್ತು. ಬಟ್ಟೆಯೂ ತಡೆಯುತ್ತದೆ ಎಂದು ಹೊಳೆಯಲೇ ಇಲ್ಲ. ನಮ್ಮಲ್ಲಿ ಸೊಸೆಯ ತಲೆಯ ಬಿಳಿ ಬಟ್ಟೆ ಬಟ್ಟೆಯೇ ಅಲ್ಲವಲ್ಲ, ಅದು ಸೊಸೆಯದೇ ಭಾಗ.

ಮೊನ್ನೆ ಕಣಿವೆಯ ಗಾಳಿ ಎದ್ದಿತು. ನಾನು ಕೊಟ್ಟಿಗೆಯೊಳಗೆ ಕಂಟ್ರೋಲರ್ ಎದುರು ಕೂತು ಅದರ ಅಂಕಿಗಳಿಗೆ ಬುದ್ಧಿ ಹೇಳುತ್ತಿದ್ದೆ. ಇದ್ದಕ್ಕಿದ್ದಂತೆ ಅಂಕಿ ಜಿಗಿಯಿತು, ತೆವಳುತ್ತಿದ್ದ ಆಂಪಿಯರು ಎದ್ದು ಓಡಿತು. ಹೊರಗೆ ಓಡಿ ಬಂದು ನೋಡಿದರೆ ಒಬ್ಬ ಸೊಸೆಯ ತಲೆವಸ್ತ್ರ ಗಾಳಿಗೆ ಹಾರಿ ಬೇಲಿಯಲ್ಲಿ ಸಿಕ್ಕಿಕೊಂಡಿದೆ. ನಾನೇನು ಮಾಡಿದೆ? ಅಯ್ಯೋ ಪಾಪ ಅಂತ ಏಣಿ ಹತ್ತಿ ಮತ್ತೆ ಕಟ್ಟಿದೆ. ಗಟ್ಟಿಯಾಗಿ, ಎರಡು ಗಂಟು ಹಾಕಿ. ಒಳಗೆ ಬಂದರೆ ಅಂಕಿ ಮತ್ತೆ ಕುಂಟುತ್ತಿತ್ತು. ಆಗ ಬೆಳಗಾಯಿತು ನನಗೆ. ಪ್ಯಾನೆಲ್ಲಿನ ಚೌಕಗಳೆಲ್ಲ ಒಳಗೊಳಗೇ ಒಂದರ ಕೈ ಒಂದು ಹಿಡಿದು ನಿಂತಿರುತ್ತವೆ. ಮೇಲಿನ ಸಾಲಿಗೆ ನೆರಳು ಬಿದ್ದರೆ ಉಳಿದವೂ ಕೈ ಕಟ್ಟಿಕೊಂಡು ನಿಂತುಬಿಡುತ್ತವೆ. ಇದನ್ನೂ ಒಲೆಗೆ ಹೋದ ಅರ್ಧದಲ್ಲಿ ಬರೆದಿದ್ದರೇನೋ.

ಆದರೆ ಅಪಾಗೆ ಯಾರು ಹೇಳುವುದು? ಹೇಳುವ ಧೈರ್ಯ ಇಲ್ಲದವನು ಕಳ್ಳನಾಗುತ್ತಾನೆ. ಅವಳು ಮಧ್ಯಾಹ್ನ ತೂಕಡಿಸುತ್ತಿದ್ದಾಗ, ಏಣಿ ಕಿರುಗುಟ್ಟೀತು ಎಂದು ನೆಲದಿಂದಲೇ, ಕೋಲಿನಿಂದ ಗಂಟು ಜಗ್ಗಿ ಜಗ್ಗಿ ಎರಡನ್ನೂ ಎಳೆದು ಅಂಗಿಯೊಳಗೆ ಇಟ್ಟುಕೊಂಡೆ. ಆ ಸಂಜೆ ದೀಪ ಉಂಡು ತೇಗಿದವರ ಮುಖದ ಹಾಗೆ ಹೊಳೆಯಿತು. ಅಪಾ ಹೊರಗೆ ಬಂದಳು. ದೀಪ ನೋಡಲಿಲ್ಲ, ಸೂರು ನೋಡಿದಳು.

"ಯಾರು ತೆಗೆದದ್ದು?"

"ಗಾಳಿ, ಅಪಾ."

"ಗಾಳಿ ನಿನ್ನ ಅಂಗಿಯಿಂದ ಇಣುಕ್ತಾ ಇದೆ." ಅವಳು ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ನನಗೆ ಅದಕ್ಕೇ ಹೆದರಿಕೆಯಾಯಿತು. "ಇದ್ದ ಒಬ್ಬ ಸೊಸೆ ಪಟ್ಟಣ ಸೇರಿದಳು. ಇವರ ತಲೇದೂ ತೆಗೆದೆ. ಇನ್ನು ಈ ಮನೇಲಿ ಹೆಂಗಸು ಅಂತ ಇರೋದು ನಾನೊಬ್ಬಳೇ. ನನ್ನನ್ನೂ ಯಾವಾಗ ಕಳಿಸ್ತೀಯ?"

ನಾನು ಕೂರಿಸಿಕೊಂಡು ವಿವರಿಸಿದೆ. ನೆರಳು, ಚೌಕ, ಆಂಪಿಯರು. ಅಂಗೈ ಹರವಿ ದೀಪಕ್ಕೆ ಅಡ್ಡ ಹಿಡಿದು ತೋರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನಾನು ಅದಕ್ಕೆ ಒಂದಕ್ಷರವನ್ನೂ ಸೇರಿಸಿಲ್ಲ.

"ಅಂದ್ರೆ ತಲೆ ಮೇಲೆ ಬಟ್ಟೆ ಎಳೆದು ಹಣೆ ಮುಚ್ಚಿಸಿದ್ರೆ ಸೊಸೆ ಪೂರ್ತಿ ಬೆಳಗಲ್ಲ ಅಂತೀಯ. ಇದನ್ನ ಮೂವತ್ತು ವರ್ಷದ ಹಿಂದೆ ಯಾರಾದ್ರೂ ನಂಗೆ ಹೇಳಬಾರದಾಗಿತ್ತಾ?"

ಮಾರನೆಯ ಬೆಳಗ್ಗೆ ನನ್ನ ಕೈಯಿಂದ ವಸ್ತ್ರಗಳನ್ನು ಕಿತ್ತುಕೊಂಡು, ಪ್ಯಾನೆಲ್ಲು ನಿಲ್ಲಿಸಿದ ಕಬ್ಬಿಣದ ಕಾಲುಗಳಿಗೆ, ಹಿಂಬದಿಯಲ್ಲಿ, ಎರಡನ್ನೂ ಕಟ್ಟಿಸಿದಳು. "ಇಲ್ಲಿ ಅಡ್ಡಿ ಇಲ್ವಲ್ಲ? ಕಣ್ಣು ಬೀಳೋದು ಹಿಂದಿನಿಂದಾನೇ" ಅಂದಳು. ಈಗ ಆಂಪಿಯರಿಗೂ ಅಡ್ಡಿಯಿಲ್ಲ, ಸಂಪ್ರದಾಯಕ್ಕೂ. ನೀನು ಅವಳಿಗೆ ಎರಡು ಸಾಲು ಬೇರೆಯಾಗಿ ಬರೆ. ಓದಿ ಹೇಳುವವನು ನಾನೇ ಆದರೂ ಪರವಾಗಿಲ್ಲ.

ಈಗ ಕೊಟ್ಟಿಗೆಯಲ್ಲಿ ನಾಲ್ಕು ದೀಪ. ಬಾಗಿಲಿಗೊಂದು, ಮೇವಿನ ಮೂಲೆಗೊಂದು, ಈದ ಕುರಿಗಳನ್ನು ಕಟ್ಟುವ ಕಡೆ ಎರಡು. ನೀನು ಮಂಡಿಯೂರಿ ಕೂರುವ ಜಾಗಕ್ಕೆ ನಿನ್ನದೇ ನೆರಳು ಬೀಳದ ಹಾಗೆ ಒಂದನ್ನು ಎಡಕ್ಕೆ ಸರಿಸಿದ್ದೇನೆ. ಕುರಿಗಳಿಗೆ ಹಾಗೇ ಇಷ್ಟವಂತೆ. ಸ್ವಿಚ್ಚು ನಿನ್ನ ಭುಜದೆತ್ತರಕ್ಕೆ ಬಂದದ್ದು ಕಾಕತಾಳೀಯ. ನೆತ್ತಿ ಬಿಳುಪಿನ ಆ ಹಳೆಯ ಕುರಿ, ನೀನು ಮುದ್ದಿನಿಂದ ಖಾನ್ ಹೆಂಡತಿ ಅನ್ನುತ್ತಿದ್ದೆಯಲ್ಲ, ಅವಸರಪಟ್ಟು ನಿನ್ನೆಯೇ ಈದಳು. ಹೆಣ್ಣುಮರಿ. ಅಪಾ ತನ್ನ ಕೋಟಿನೊಳಗೆ ಇಟ್ಟುಕೊಂಡು ಒಲೆಯ ಮುಂದೆ ಕೂತಿದ್ದಾಳೆ. ಮರಿಯ ಕಾಲುಗಳು ಗಟ್ಟಿಯಾಗಿವೆ, ಬದುಕುತ್ತದೆ. ಇನ್ನು ಉಳಿದವು ಮಾರ್ಚಿಗೆ.

ಜಿಪಾರ್‌ಗೆ ಹಾಲು ಹೆಚ್ಚಲಿ, ಎಮಿಲ್‌ಗೆ ಸಂಬಳ ಹೆಚ್ಚಲಿ, ತಿಲೆಕ್‌ಗೆ ಹಲ್ಲು ನೋವಿಲ್ಲದೆ ಬರಲಿ. ನಿನ್ನ ಸೊಂಟ ನಿನ್ನ ಮಾತು ಕೇಳಲಿ. ಮೇಲಿರುವವನು ನಿನ್ನ ದಾರಿಯನ್ನು, ಅದು ಯಾವ ಕಡೆಗೇ ಇರಲಿ, ಬಿಳುಪಾಗಿ, ನಿರ್ವಿಘ್ನವಾಗಿ ಇಡಲಿ.

ನಿನ್ನ ಮುದುಕ,
ಮುಕಾಯ್

ಮರೆತ ಮಾತು: ಕುರಿಗಳಿಗೆ ದೀಪ ಬೇಕಿರಲಿಲ್ಲ. ಅವು ಆದಮನ ಕಾಲದಿಂದ ಕತ್ತಲಲ್ಲೇ ಈಯುತ್ತ ಬಂದಿವೆ. ಹೋದ ವಸಂತದಲ್ಲಿ ಕೈ ಕುಯ್ದುಕೊಂಡು "ಈ ಕೊಟ್ಟಿಗೇಲಿ ಒಂದು ದೀಪ ಇದ್ದಿದ್ರೆ" ಅಂದವಳು ನೀನು, ಕುರಿಯಲ್ಲ.

ಇನ್ನೊಂದನ್ನು ಬರೆಯದೆ ಕಾಗದ ಮಡಿಚಲಾರೆ. ಜನವರಿಯಲ್ಲಿ ಜಿಪಾರ್ ಫೋನಿನಲ್ಲಿ, "ಅಪ್ಪಾ, ಅಮ್ಮನನ್ನ ಇಲ್ಲೇ ಇಟ್ಟುಕೊಳ್ಳಲಾ?" ಎಂದು ಕೇಳಿದಳಲ್ಲ, ಆಗ ನಾನಿದ್ದದ್ದು ಸಿಗ್ನಲ್ ಸಿಗುವ ಆ ಗುಡ್ಡದ ನೆತ್ತಿಯಲ್ಲಿ. ಅಲ್ಲಿ ಕಾಲಿಡುವಷ್ಟೇ ಜಾಗ. ಸುತ್ತ ಕಾಸೀಮ್ ಬೈಕೆಯೂ ಇನ್ನು ನಾಲ್ಕು ಕುರುಬರೂ ತಮ್ಮ ಸರದಿಗೆ ಕಾಯುತ್ತ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಖಾನನ ಹಾಗೆ ಎದೆ ಸೆಟೆಸಿ, "ಇಟ್ಟುಕೋ ಮಗಳೇ, ಇಟ್ಟುಕೋ. ಅವಳಿಲ್ಲದೆ ಇಲ್ಲಿ ಕಿವಿಗೆ ಎಷ್ಟು ನೆಮ್ಮದಿ ಗೊತ್ತಾ?" ಅಂದೆ. ಎಲ್ಲರೂ ನಕ್ಕರು. ಆ ಕಡೆಯಿಂದ ನಗು ಬರಲಿಲ್ಲ. ನಿನ್ನ ಕೆಮ್ಮು ಕೇಳಿಸಿತು, ಫೋನಿನ ಪಕ್ಕದಲ್ಲೇ. ನೀನು ಯೋಚನೆ ಮಾಡಲು ಶುರುಮಾಡಿದ್ದು ಅಂದಿನಿಂದ ಎಂದು ನನಗೆ ಗೊತ್ತು. ಆಮೇಲೆ ಸರಿಪಡಿಸಬೇಕೆಂದು ಮತ್ತೆ ಮತ್ತೆ ಗುಡ್ಡ ಹತ್ತಿದೆ. ಪ್ರತಿ ಸಲವೂ ಯಾರಾದರೂ ಇರುತ್ತಿದ್ದರು, ಪ್ರತಿ ಸಲವೂ ನಾನು ಬಿಷ್ಕೆಕ್‌ನ ಹವೆ ಹೇಗಿದೆ ಎಂದು ವಿಚಾರಿಸಿ ಇಳಿದೆ.

ಮೇಲೆ ನಾನು ಅಚ್ಚುಕಟ್ಟು, ಹೊತ್ತಿಗೆ ಊಟ, ಒಂದೇ ನಿದ್ದೆ ಎಂದೆಲ್ಲ ಬರೆದಿದ್ದೇನೆ. ಬೆಲ್ಟಿಗೆ ಹೊಸ ತೂತು ಕೊರೆದಿದ್ದೇನೆ, ಒಳಗಡೆಗೆ. ನಿದ್ದೆ ಮಾಡುವುದು ಅಪಾ. ನಾನು ಕೊಟ್ಟಿಗೆಗೆ ಹೋಗಿ ದೀಪ ಹಾಕಿಕೊಂಡು ಕುರಿಗಳ ಜೊತೆ ಕೂರುತ್ತೇನೆ, ಮನೆಯೊಳಗೆ ಕಿವಿಗೆ ಅಷ್ಟು ನೆಮ್ಮದಿ. ಗುಡ್ಡದ ಮೇಲೆ ಹೇಳಬೇಕಾಗಿದ್ದದ್ದು ಇಷ್ಟೇ: ಬೇಡ ಮಗಳೇ, ಕಳಿಸಿಕೊಡು, ನಿನ್ನಮ್ಮ ಇಲ್ಲದೆ ನನಗೆ ಆಗುತ್ತಿಲ್ಲ. ಇದನ್ನು ಜಿಪಾರ್‌ಗೆ ಗಟ್ಟಿಯಾಗಿ ಓದಿ ಹೇಳು. ಅಳಿಯ ಮನೆಯಲ್ಲಿದ್ದರೆ ಅವನೂ ಕೇಳಲಿ.